ಡಾಕ್ಟರ ತಾಯಿ, ಡಾಕ್ಟರ ಅಕ್ಕ

ಟಾರ್ನೀಟ್, ಮೆಲ್ಬರ್ನ್
26 ನವೆಂಬರ್ 2006

ಚಿರಂಜೀವಿ ಬದರಿಗೆ, ನಿನ್ನ ಅಕ್ಕ ಜಯಲಕ್ಷ್ಮಿ ಮನಸಾರೆ ಮಾಡುವ ಆಶೀರ್ವಾದ.

ಫೋನಿನಲ್ಲಿ ನೀನು 'ಹ್ಞೂಂ ಅಕ್ಕ, ಹ್ಞೂಂ ಅಕ್ಕ' ಎಂದಷ್ಟೇ ಅನ್ನುತ್ತೀಯ. ಆ ಹ್ಞೂಂಕಾರದ ಅರ್ಥ ಹುಡುಕುವಷ್ಟರಲ್ಲಿ ಹಿಂದಿನಿಂದ ಉಷಾಳ ಕುಕ್ಕರ್ ಕೂಗಿಬಿಡುತ್ತದೆ. ಅದಕ್ಕೇ ನೀನು ಹಾಸ್ಟೆಲಿನಲ್ಲಿದ್ದಾಗ ಬರೆಯುತ್ತಿದ್ದ ಹಾಗೆ ಕಾಗದವನ್ನೇ ಬರೆಯುತ್ತಿದ್ದೇನೆ. ಕಾಗದಕ್ಕೆ ಹ್ಞೂಂ ಅಂದು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಸಿಹಿ ಸುದ್ದಿ ಏನೆಂದರೆ, ನಿನ್ನ ಸೋದರಳಿಯ ಸುಘೋಷನ ಓದು ಮುಗಿಯಿತು! ಐದು ವರ್ಷದ ಡಾಕ್ಟರ್ ಓದು. ಒಂದು ವಿಷಯದಲ್ಲೂ ಎಡವದೆ ಪಾಸು ಮಾಡಿದ್ದಾನೆ. ಮೂಳೆ, ಕೀಲು, ನರ, ಇವೇ ಅವನಿಗೆ ಪ್ರೀತಿ. ಅವನ ಕೋಣೆಯಲ್ಲಿ ಪ್ಲಾಸ್ಟಿಕ್ಕಿನ ಬೆನ್ನುಮೂಳೆಯೊಂದು ತೂಗಾಡುತ್ತಿರುತ್ತದೆ. ಮೊದಮೊದಲು ಕಸ ಗುಡಿಸಲು ಹೋದರೆ ಎದೆ ಧಸಕ್ಕೆನ್ನುತ್ತಿತ್ತು, ಈಗ ಅದಕ್ಕೂ ಧೂಳು ಒರೆಸುತ್ತೇನೆ. ನಿನ್ನ ಭಾವ ಬ್ಯಾಂಕಿನ ಕಂಪ್ಯೂಟರ್ ಬಿಟ್ಟರೆ ಬೇರೆ ಲೋಕ ಗೊತ್ತಿಲ್ಲದವರು. ಅವರೂ ಅವತ್ತು ಆಫೀಸಿನಲ್ಲಿ ಕೇಕ್ ಹಂಚಿ ಬಂದರು. ನಾನು ಕನ್ನಡ ಸಂಘದಲ್ಲಿ ಮೈಸೂರ್ ಪಾಕ್ ಹಂಚಿದೆ. ಸಂಘದ ಹಿರಿಯಣ್ಣನವರು, "ಇನ್ ಮೇಲೆ ನೀವು ಡಾಕ್ಟರ್ ತಾಯಿ, ಡಾಕ್ಟರ್ ಅಕ್ಕ, ಎರಡೂ ಆದ್ರಿ ಬಿಡಿ" ಎಂದರು. ನಾನು ಏನೂ ಆಗದವಳ ಹಾಗೆ ಮುಖ ಮಾಡಿಕೊಂಡೆ, ಆದರೆ ಒಳಗೊಳಗೇ ಕುಣಿಯುವಂತಾಯಿತು.

ಈಗ ಕೆಲಸದ ಮಾತು. ಅವನಿಗೆ ಆಸ್ಪತ್ರೆಯಲ್ಲಿ ರೆಸಿಡೆಂಟ್ ಡಾಕ್ಟರ್ ಜಾಗ ಬೇಕು. ಕೇಳಿದರೆ, "ಅಮ್ಮ, ಇಟ್ಸ್ ನಾಟ್ ಲೈಕ್ ದಟ್" ಎಂದು ಹೆಗಲು ಕುಣಿಸುತ್ತಾನೆ. ಸಂಕೋಚದ ಮುದ್ದೆ, ನಿನ್ನ ಹಾಗೆಯೇ. ನೀನು ಹೇಗೂ ಅಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದೀಯಲ್ಲ, ನಿಮ್ಮ ದೊಡ್ಡ ಡಾಕ್ಟರ ಕಿವಿಗೆ ಒಂದು ಮಾತು ಹಾಕು. ವಶೀಲಿ ಅಂದುಕೊಳ್ಳಬೇಡ. ಮಾಮ ಅನ್ನಿಸಿಕೊಂಡವನು ಇಷ್ಟಾದರೂ ಮಾಡದಿದ್ದರೆ ಹೇಗೆ?

ನಿನ್ನ ಅಕ್ಕ,
ಜಯಲಕ್ಷ್ಮಿ


ಪೆಂಡಲ್ ಹಿಲ್, ಸಿಡ್ನಿ
14 ಡಿಸೆಂಬರ್ 2006

ಪ್ರೀತಿಯ ಅಕ್ಕನಿಗೆ ಬದರಿಯ ನಮಸ್ಕಾರ.

ನಿನ್ನ ಕಾಗದ ಬಂದು ವಾರದ ಮೇಲಾಯಿತು. ಉತ್ತರ ತಡವಾದದ್ದಕ್ಕೆ ಬೈಯಬೇಡ. ಸುಘೋಷನ ಸುದ್ದಿ ಓದಿ ಉಷಾ ಪಾಯಸ ಮಾಡಿದಳು. ನನಗೆ ಎರಡನೇ ಬಟ್ಟಲು ಕೊಡುವಾಗ, "ಸಕ್ಕರೆ ನೋಡ್ಕೊಳ್ಳಿ ಡಾಕ್ಟ್ರೇ" ಎಂದು ಚುಚ್ಚಿದಳು.

ನಾನು ಆಸ್ಪತ್ರೆಗೆ ಹೋಗುತ್ತಿದ್ದೇನೆ. ಬೆಳಿಗ್ಗೆ ರೌಂಡ್ಸ್ ಇರುತ್ತದೆ. ನಮ್ಮ ರಿಜಿಸ್ಟ್ರಾರ್, ಅಂದರೆ ವಾರ್ಡಿನ ಹಿರಿಯ ಡಾಕ್ಟರು, ಒಬ್ಬಳು ಹುಡುಗಿ, ಬಹಳ ಚುರುಕು. ಅವಳು ರೋಗಿಯ ಹಾಸಿಗೆಯ ಅಂಚಿನಲ್ಲಿ ಕೂತು, ದೊಡ್ಡಸ್ತಿಕೆ ತೋರದೆ ಮಾತಾಡುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ತಿಪಟೂರಿನ ನನ್ನ ಕ್ಲಿನಿಕ್ಕಿನಲ್ಲಿ ಹದಿನೈದು ವರ್ಷ ಹೀಗೆ ಕೂತು ಮಾತಾಡಿದ ನೆನಪಿಲ್ಲ. ಹೊರಗೆ ಬೆಂಚು ತುಂಬಿರುತ್ತಿತ್ತಲ್ಲ.

ಸುಘೋಷನ ಬಗ್ಗೆ ನೀನು ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಈ ದೇಶದಲ್ಲಿ ಮೆಡಿಸಿನ್ ಓದಿದ ಮಕ್ಕಳಿಗೆ ಆಸ್ಪತ್ರೆಯ ಬಾಗಿಲು ತೆರೆದೇ ಇರುತ್ತದೆ. ಬಾಗಿಲು ತಟ್ಟುತ್ತಾ ನಿಲ್ಲಬೇಕಾದವರು ಹೊರಗಿನಿಂದ ಬಂದವರು. ಅವನಿಗೆ ಯಾರ ಮಾತೂ ಬೇಡ, ಜನವರಿಯಲ್ಲಿ ತಾನಾಗಿ ಕರೆ ಬರುತ್ತದೆ. ನಿಜ ಹೇಳಲಾ, ಇಷ್ಟು ಸಲೀಸಾಗಿ ಒಳಗೆ ಹೋಗುವುದು ಹೇಗಿರುತ್ತದೋ ಎಂದು ಒಂದು ಕ್ಷಣ ಅವನ ಮೇಲೆ ಹೊಟ್ಟೆಕಿಚ್ಚೂ ಆಯಿತು. ಆಮೇಲೆ ಪಾಯಸ ಕುಡಿದೆ, ಹೋಯಿತು.

ಭಾವನಿಗೆ ನಮಸ್ಕಾರ ತಿಳಿಸು.

ಬದರಿನಾಥ


ಟಾರ್ನೀಟ್
21 ಜನವರಿ 2007

ಬದರಿ,

ತಾನಾಗಿ ಬರುತ್ತದೆ ಅಂದೆಯಲ್ಲ, ಯಾವ ಕರೆಯೂ ಬರಲಿಲ್ಲ. ಹಿರಿಯಣ್ಣನವರ ನಾದಿನಿಯ ಮಗಳು ಪ್ರಾರ್ಥನಾ ಮೊನ್ನೆಯಿಂದ ದೊಡ್ಡಾಸ್ಪತ್ರೆಗೆ ಹೋಗುತ್ತಿದ್ದಾಳೆ, ಕುತ್ತಿಗೆಯಲ್ಲಿ ಸ್ಟೆತಾಸ್ಕೋಪ್ ನೇತಾಡುತ್ತಿರುವ ಫೋಟೋವನ್ನು ಅವಳ ತಾಯಿ ಪರ್ಸಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಾರೆ. ತೋರಿಸಿ ಎಂದು ಯಾರೂ ಕೇಳುವುದು ಬೇಕಿಲ್ಲ. ಇಬ್ಬರದೂ ಒಂದೇ ವರ್ಷ ಓದು ಮುಗಿದಿದೆ. ಅವಳಿಗೆ ಇರುವುದು ನಮ್ಮವನಿಗೆ ಏಕಿಲ್ಲ?

ಸುಘೋಷ ಮಾತ್ರ ಆರಾಮಾಗಿದ್ದಾನೆ. ಬೆಳಿಗ್ಗೆ ಕಾರು ತೆಗೆದುಕೊಂಡು ಸನ್‌ಶೈನ್ ಬಡಾವಣೆ ಕಡೆ ಯಾವುದೋ ಕ್ಲಿನಿಕ್ಕಿಗೆ ಹೋಗುತ್ತಾನೆ, ಸಂಜೆ ಹಾಡು ಗುನುಗುತ್ತಾ ಬರುತ್ತಾನೆ. ಕೆಲಸ ಸಿಗದ ಹುಡುಗ ಹೀಗೆ ಗುನುಗುತ್ತಾನೆಯೇ? ಮೊನ್ನೆ ಕೂರಿಸಿಕೊಂಡು ಕೇಳಿದೆ. "ಅಮ್ಮ, ಐ ಹ್ಯಾವ್ ಅ ಜಾಬ್" ಎಂದ. ಆಸ್ಪತ್ರೆ ಸಿಗುವ ತನಕ ತಾನೇ ಎಂದೆ. ತಟ್ಟೆ ಎತ್ತಿಕೊಂಡು ತೊಳೆಯಲು ಹೋದ. ಪಾಪ, ಸಿಕ್ಕಿಲ್ಲವೆಂಬ ದುಃಖವನ್ನು ನುಂಗಿಕೊಂಡಿದ್ದಾನೆ.

ಅದಕ್ಕೇ ಒಂದು ಉಪಾಯ ಮಾಡಿದ್ದೇನೆ. ಮುಂದಿನ ತಿಂಗಳು ಅವನಿಗೆ ಸಿಡ್ನಿಯಲ್ಲಿ ಎರಡು ವಾರದ ಯಾವುದೋ ಟ್ರೈನಿಂಗ್ ಇದೆಯಂತೆ. ನಿಮ್ಮ ಮನೆಯಲ್ಲೇ ಇರಲಿ. ನೀನು ಒಂದು ದಿನ ಅವನನ್ನು ನಿನ್ನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ದೊಡ್ಡ ಡಾಕ್ಟರಿಗೆ ಮುಖ ತೋರಿಸು. ಮುಖ ನೋಡಿದರೆ ಯಾರಿಗಾದರೂ ಇಷ್ಟವಾಗುವ ಹುಡುಗ. ಬ್ಲೇಜರ್ ಇಸ್ತ್ರಿ ಮಾಡಿ ಸೂಟ್‌ಕೇಸಿನ ಮೇಲ್ಗಡೆಯೇ ಇಟ್ಟಿದ್ದೇನೆ. ಚಟ್ನಿಪುಡಿ ಅದರ ಕೆಳಗೆ, ಎರಡು ಕವರ್ ಸುತ್ತಿದ್ದೇನೆ, ಆದರೂ ಬ್ಲೇಜರಿಗೆ ಇಂಗಿನ ವಾಸನೆ ಹತ್ತಿದ್ದರೆ ಗಾಳಿಗೆ ಹಾಕು.

ಅಕ್ಕ


ಪೆಂಡಲ್ ಹಿಲ್
4 ಮಾರ್ಚ್ 2007

ಅಕ್ಕನಿಗೆ ನಮಸ್ಕಾರ.

ಸುಘೋಷ ಹೊರಟು ಹೋದಮೇಲೆ ಮನೆ ಬಿಕೋ ಎನ್ನುತ್ತಿದೆ. ಚಿನ್ನದಂಥ ಹುಡುಗ. ಉಷಾ ಅವನಿಗೆ ಅಕ್ಕಿರೊಟ್ಟಿ ತಟ್ಟಿಕೊಟ್ಟು ಕೊಟ್ಟು, ನನಗೆ ಆರಿದ ರೊಟ್ಟಿ. ಸಂಜೆಯಾದರೆ ಇಬ್ಬರೂ ಸ್ಟೇಷನ್ ಕಡೆಗೆ ನಡೆದು ಹೋಗಿ, ಅಂಗಡಿಗಳ ಸಾಲು ಮುಗಿಯುವ ತನಕ ಸುತ್ತಿ ಬರುತ್ತಿದ್ದೆವು. ನಿನ್ನೆದುರು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾನೆ ಎಂದು ದೂರುತ್ತಿದ್ದೆಯಲ್ಲ, ಇಲ್ಲಿ ಅವನು ಕನ್ನಡ ಕಲಿಸು ಎಂದು ನನ್ನ ಪ್ರಾಣ ತಿಂದ. ಅದೂ ಎಂಥ ಕನ್ನಡ? ಉಳುಕು ಎಂದರೇನು, ಚಳುಕು ಎಂದರೇನು, ಜೋಮು ಹಿಡಿಯುವುದಕ್ಕೂ ಮರಗಟ್ಟುವುದಕ್ಕೂ ಏನು ವ್ಯತ್ಯಾಸ. ನಾನು ತಿಪಟೂರಿನ ನನ್ನ ಪೇಷಂಟುಗಳನ್ನೆಲ್ಲ ನೆನಪು ಮಾಡಿಕೊಂಡು, ಬಸಕ್ಕ ಸೊಂಟ ಹಿಡಿದುಕೊಂಡು ಹೇಗೆ ನರಳುತ್ತಿದ್ದಳು, ಚನ್ನಮಲ್ಲಪ್ಪ ಕಾಲು ಎಳೆಯುತ್ತದೆ ಅನ್ನುವಾಗ ಮುಖ ಹೇಗೆ ಮಾಡುತ್ತಿದ್ದ ಎಂದು ಅಭಿನಯಿಸಿ ತೋರಿಸಿದೆ. ನಗಾಡಿ ನಗಾಡಿ ಸುಸ್ತಾದೆವು.

ದೊಡ್ಡ ಡಾಕ್ಟರು ರಜೆಯಲ್ಲಿದ್ದರು, ಭೇಟಿಯಾಗಲಿಲ್ಲ. ಆಸ್ಪತ್ರೆಯ ವಿಷಯ ನಿಧಾನವಾಗಿ ಬರೆಯುತ್ತೇನೆ. ನೀನು ಅವನನ್ನು ಆ ಬಗ್ಗೆ ಕೆದಕಬೇಡ ಅಕ್ಕ. ಅವನು ಸುಖವಾಗಿದ್ದಾನೆ, ಅಷ್ಟು ನಂಬು.

ಬ್ಲೇಜರಿಗೆ ವಾಸನೆ ಹತ್ತಿರಲಿಲ್ಲ. ಹಾಕಿಕೊಳ್ಳಲೂ ಇಲ್ಲ.

ಬದರಿ


ಟಾರ್ನೀಟ್
27 ಮಾರ್ಚ್ 2007

ಬದರಿನಾಥನಿಗೆ,

ನೆಟ್ಟಗೆ ಕೇಳುತ್ತೇನೆ, ನೆಟ್ಟಗೆ ಉತ್ತರ ಕೊಡು. ನಿನಗೆ ಮೊದಲೇ ಗೊತ್ತಿತ್ತೋ ಇಲ್ಲವೋ?

ಭಾನುವಾರ ಸಂಘದ ಯುಗಾದಿ ಊಟ. ಹಾಲಿನಲ್ಲಿ ಎರಡನೇ ಪಂಕ್ತಿ ಕೂತಿತ್ತು. ಹಿರಿಯಣ್ಣನವರು ಒಬ್ಬಟ್ಟು ಬಡಿಸುತ್ತಾ ಬಂದವರು ಹಾಗೆಯೇ ಎದೆ ಒತ್ತಿಕೊಂಡು ಕುಸಿದರು. ತಟ್ಟೆ ಒಂದು ಕಡೆ, ಒಬ್ಬಟ್ಟು ಇನ್ನೊಂದು ಕಡೆ. ಅವರ ಹೆಂಡತಿ ಸರಸ್ವತಿ ಕಿರುಚಿಕೊಂಡರು. ಅಷ್ಟರಲ್ಲಿ ಯಾರೋ, "ಜಯಲಕ್ಷ್ಮಿ ಮಗ ಡಾಕ್ಟರ್ ಅಲ್ವಾ, ಜಾಗ ಬಿಡಿ, ಜಾಗ ಬಿಡಿ" ಎಂದರು. ಜನ ಎರಡು ಕಡೆ ಸರಿದು ಸುಘೋಷನಿಗೆ ದಾರಿ ಬಿಟ್ಟಿತು. ಒಬ್ಬ ಮನುಷ್ಯ ನೆಲದ ಮೇಲೆ ಬಿದ್ದು ಒದ್ದಾಡುತ್ತಿದ್ದಾಗಲೂ ನನಗೆ ಮೊದಲು ಬಂದದ್ದು ಹೆಮ್ಮೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಬಂದದ್ದು ಅದೇ.

ಸುಘೋಷ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ. ಅಂಗಿಯ ಗುಂಡಿ ಸಡಿಲಿಸಿದ. ಕಾಫಿ ತಂದವರನ್ನು ಬೇಡವೆಂದು ತಡೆದ. ಆ್ಯಂಬುಲೆನ್ಸ್ ಕರೆಯುವ ಟ್ರಿಪಲ್ ಝೀರೋಗೆ ಫೋನ್ ಮಾಡಿ ಅಲ್ಲಿಯವರು ಹೇಳಿದ ಹಾಗೆ ಮಾಡುತ್ತಾ, ಹಿರಿಯಣ್ಣನವರ ಕೈ ಹಿಡಿದುಕೊಂಡೇ ಕೂತ. ಆಗ ಯಾರೋ, "ಡಾಕ್ಟ್ರೇ, ಇಂಜೆಕ್ಷನ್ ಏನಾದ್ರೂ ಕೊಡ್ತೀರಾ? ಕಾರಲ್ಲಿ ಕಿಟ್ ಇದ್ಯಾ?" ಎಂದು ಕೇಳಿದರು. ಅವನು ತಲೆಯೆತ್ತಿ, ಇಡೀ ಹಾಲಿಗೆ ಕೇಳುವ ಹಾಗೆ, "ನಾನು ಡಾಕ್ಟರ್ ಅಲ್ಲ ಅಂಕಲ್. ಐ ಆಮ್ ಆ್ಯನ್ ಆಸ್ಟಿಯೋಪಾತ್. ಆ್ಯಂಬುಲೆನ್ಸ್ ಬರ್ತಿದೆ" ಎಂದ.

ಬದರಿ, ಆ ಹಾಲಿನಲ್ಲಿ ಇದ್ದವರೆಲ್ಲ ನನ್ನ ಕಡೆ ತಿರುಗಿದರು. ಅವನ ಕಡೆ ಅಲ್ಲ, ನನ್ನ ಕಡೆ. ಪ್ರಾರ್ಥನಾಳ ತಾಯಿಯ ಮುಖದಲ್ಲಿ ಕನಿಕರ ಇತ್ತು, ಅದೇ ನನಗೆ ತಡೆಯಲಾಗಲಿಲ್ಲ.

ಕಾರಿನಲ್ಲಿ ಅವನನ್ನು ತರಾಟೆಗೆ ತೆಗೆದುಕೊಂಡೆ. "ಫೈವ್ ಇಯರ್ಸ್ ಇಂದ ಹೇಳ್ತಿದೀನಿ ಅಮ್ಮ. ಯು ನೆವರ್ ಲಿಸನ್" ಎಂದ. ಕೈಯಿಂದ ಒತ್ತಿ, ತಿರುಗಿಸಿ, ನೋವು ಬಿಡಿಸುವ ಓದಂತೆ ಅದು. ಅದನ್ನು ಓದಿದವರು ಆಸ್ಪತ್ರೆಗೆ ಹೋಗುವುದಿಲ್ಲವಂತೆ. ಹಾಗಾದರೆ ಆ ಐದು ವರ್ಷ ಏನು, ಆ ದಪ್ಪ ಪುಸ್ತಕಗಳೇನು? ಭಾವ ಸ್ಟಿಯರಿಂಗ್ ಹಿಡಿದುಕೊಂಡು ರಸ್ತೆಯನ್ನೇ ನೋಡುತ್ತಿದ್ದರು. ಅವರಿಗೂ ಗೊತ್ತಿತ್ತೇನೋ, ಯಾರಿಗೆ ಗೊತ್ತು. ಎರಡು ದಿನದಿಂದ ನಾನು ಮನೆಯಲ್ಲಿ ಯಾರ ಜೊತೆಗೂ ಮಾತಾಡಿಲ್ಲ. ಅಡುಗೆ ಮಾತ್ರ ಮಾಡುತ್ತಿದ್ದೇನೆ.

ಕೆದಕಬೇಡ ಎಂದು ನೀನು ಬರೆದದ್ದು ಈಗ ಅರ್ಥವಾಗುತ್ತಿದೆ.

ಜಯಲಕ್ಷ್ಮಿ


ಪೆಂಡಲ್ ಹಿಲ್
8 ಏಪ್ರಿಲ್ 2007

ಅಕ್ಕ,

ಗೊತ್ತಿತ್ತು. ಫೆಬ್ರುವರಿಯಿಂದ ಗೊತ್ತಿತ್ತು. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈ, ಏಕೆಂದರೆ ನಿನಗೆ ಗೊತ್ತಿಲ್ಲದ್ದು ಇನ್ನೂ ಒಂದಿದೆ.

ನಾನು ಆಸ್ಪತ್ರೆಗೆ ಹೋಗುತ್ತಿದ್ದೇನೆ ಎಂದು ಬರೆದದ್ದು ಸುಳ್ಳಲ್ಲ. ವಾರಕ್ಕೆ ಎರಡು ದಿನ ಹೋಗುತ್ತೇನೆ. ಡಾಕ್ಟರಾಗಿ ಅಲ್ಲ, ನೋಡುವವನಾಗಿ. ಅಬ್ಸರ್ವರ್ ಎನ್ನುತ್ತಾರೆ. ರೌಂಡ್ಸಿನಲ್ಲಿ ಎಲ್ಲರ ಹಿಂದೆ ಕೈಕಟ್ಟಿ ನಿಲ್ಲಬೇಕು. ರೋಗಿಯನ್ನು ಮುಟ್ಟುವಂತಿಲ್ಲ, ಕೇಳಿದ ಹೊರತು ಬಾಯಿ ಬಿಡುವಂತಿಲ್ಲ. ಉಳಿದ ದಿನ ಹ್ಯಾರಿಸ್ ಪಾರ್ಕಿನ ದಿನಸಿ ಅಂಗಡಿಯಲ್ಲಿ ತೊಗರಿಬೇಳೆ ತೂಗುತ್ತೇನೆ. ಅಲ್ಲೂ ಗಿರಾಕಿಗಳು ಮಂಡಿನೋವಿಗೆ ಮಾತ್ರೆ ಕೇಳುತ್ತಾರೆ, ಅಭ್ಯಾಸ ಬಿಟ್ಟಿಲ್ಲ ನೋಡು.

ನಮ್ಮ ದೇಶದ ಡಾಕ್ಟರುಗಳಿಗೆ ಇಲ್ಲಿ ಎರಡು ಪರೀಕ್ಷೆ ಇವೆ. ಬರೆಯುವುದು ಪಾಸಾಗಿತ್ತು. ರೋಗಿಯ ಜೊತೆ ಮಾತಾಡಿ ತೋರಿಸುವ ಪರೀಕ್ಷೆಯಲ್ಲಿ ಹೋದ ಅಕ್ಟೋಬರಿನಲ್ಲಿ ಫೇಲಾದೆ. ಏಕೆ ಗೊತ್ತೇ? ಒಂದು ಕೋಣೆಯಲ್ಲಿ ಗಂಡ ಹೆಂಡತಿ ಕೂತಿದ್ದರು, ಇಬ್ಬರೂ ಪರೀಕ್ಷೆಗೆಂದೇ ಕರೆಸಿದ ನಟರು. ಹೆಂಡತಿಗೆ ಎದೆಯಲ್ಲಿ ಗಂಟು, ಅದು ಕೆಟ್ಟ ಗಂಟೆಂದು ನಾನು ತಿಳಿಸಬೇಕು. ನಾನು ಕುರ್ಚಿಯನ್ನು ಗಂಡನ ಕಡೆ ತಿರುಗಿಸಿಕೊಂಡು, ದನಿ ತಗ್ಗಿಸಿ, ನಿಮ್ಮ ಮನೆಯವರಿಗೆ ನಿಧಾನವಾಗಿ ಹೇಳೋಣ, ಧೈರ್ಯ ತಂದುಕೊಳ್ಳಿ ಎಂದೆ. ತಿಪಟೂರಿನಲ್ಲಿ ಅದು ಕರುಣೆ. ಹೆಂಡತಿಯ ಪಾತ್ರದವಳು, "ಡಾಕ್ಟರ್, ನಾನು ಇಲ್ಲೇ ಇದ್ದೇನೆ" ಎಂದಳು. ನಾನು ಅದಕ್ಕೂ ಅವಳ ಗಂಡನಿಗೇ ಉತ್ತರ ಕೊಟ್ಟೆ.

ಸುಘೋಷ ಬಂದಾಗ ನೀನು ಹೇಳಿದ ಹಾಗೆಯೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಏನೋ ಒಂದು ಮಾಡಿ ನಿಭಾಯಿಸಬಹುದು ಅಂದುಕೊಂಡಿದ್ದೆ. ಅವನು ಕಾರಿಡಾರಿನ ಕುರ್ಚಿಯಲ್ಲಿ ಕೂತು ಗಾಜಿನಾಚೆಯಿಂದ ನೋಡುತ್ತಿದ್ದ. ರಿಜಿಸ್ಟ್ರಾರ್ ಹುಡುಗಿ ನನ್ನನ್ನು ಮೆಲ್ಲಗೆ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು, ದಾರಿಗೆ ಅಡ್ಡ ನಿಂತಿದ್ದೆ. ವಾಪಸು ರೈಲು ಹತ್ತಿದೆವು. ವೆಸ್ಟ್‌ಮೀಡ್ ದಾಟಿದ ಮೇಲೆ, "ಮಾಮ, ನಾನೂ ಒಂದು ವಿಷ್ಯ ಹೇಳ್ಲಾ? ಅಮ್ಮಂಗೆ ಅರ್ಥ ಆಗಿಲ್ಲ" ಎಂದು ಶುರು ಮಾಡಿದ. ಪೆಂಡಲ್ ಹಿಲ್ ಬಂದರೂ ನಮ್ಮ ಮಾತು ಮುಗಿಯದೆ ಪ್ಲಾಟ್‌ಫಾರ್ಮಿನ ಬೆಂಚಿನಲ್ಲೇ ಕೂತೆವು.

ಅವನ ಓದಿನ ವಿಷಯ ನಾನು ವಿಚಾರಿಸಿ ತಿಳಿದದ್ದನ್ನು ಬಿಡಿಸಿ ಹೇಳುತ್ತೇನೆ. ಅಮೆರಿಕದಲ್ಲಿ ಇದೇ ಹೆಸರಿನ ಓದು ಓದಿದವರು ಪೂರ್ತಿ ಡಾಕ್ಟರುಗಳು. ಔಷಧಿ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ, ಪೈಪೋಟಿ ಮಾಡಿ ಆಸ್ಪತ್ರೆಯ ರೆಸಿಡೆನ್ಸಿಗೂ ಸೇರುತ್ತಾರೆ. ಇಲ್ಲಿ ಹಾಗಲ್ಲ. ಇಲ್ಲಿ ಆಸ್ಟಿಯೋಪಾತ್ ಎಂದರೆ ಕೈಯಿಂದಲೇ ನೋಡುವವನು, ಕೈಯಿಂದಲೇ ಗುಣ ಮಾಡುವವನು. ಆಸ್ಪತ್ರೆಯಲ್ಲಿ ಅವನಿಗೆ ರೆಸಿಡೆಂಟ್ ಜಾಗ ಸಿಗುವ ಅವಕಾಶ ಕಡಿಮೆ ಅಂತಲ್ಲ ಅಕ್ಕ, ಇಲ್ಲವೇ ಇಲ್ಲ. ನಾನು ಯಾವ ದೊಡ್ಡ ಡಾಕ್ಟರ ಕಾಲು ಹಿಡಿದರೂ ಇಲ್ಲ. ಅವನು ಸೋತು ಹೊರಗೆ ಉಳಿದವನಲ್ಲ. ಆ ಪೈಪೋಟಿಗೆ ಅವನು ಇಳಿದೇ ಇಲ್ಲ.

ಆ ಎರಡು ವಾರ ಸಂಜೆ ಹೊತ್ತು ಅವನು ನನಗೆ ರೋಗಿಯಾಗಿ ಕೂರುತ್ತಿದ್ದ. ನಾನು ಬಾಯಿ ತೆರೆದರೆ ಸಾಕು, "ಮಾಮ, ನೀವು ಕೇಳ್ತಿಲ್ಲ, ಹೇಳ್ತಿದ್ದೀರ" ಎಂದು ನಿಲ್ಲಿಸುತ್ತಿದ್ದ. ನಿನ್ನ ಮಗ ಒಳ್ಳೆಯ ಮೇಷ್ಟ್ರು, ಕರುಣೆಯೇ ಇಲ್ಲ. ಬದಲಿಗೆ ನಮ್ಮ ಜನ ನೋವನ್ನು ಯಾವ ಯಾವ ಮಾತಿನಲ್ಲಿ ಹೇಳುತ್ತಾರೆ ಎಂದು ನಾನು ಅವನಿಗೆ ಹೇಳಿಕೊಟ್ಟೆ. ಅವನ ಕ್ಲಿನಿಕ್ಕಿಗೆ ಮಕ್ಕಳ ಮನೆಗೆ ಬಂದ ನಮ್ಮ ಕಡೆಯ ಹಿರಿಯರು ಬರುತ್ತಾರಂತೆ, ಅವರಿಗೆ ಇಂಗ್ಲಿಷಿನಲ್ಲಿ ನೋವು ಹೇಳಿಕೊಳ್ಳಲು ಬರುವುದಿಲ್ಲವಂತೆ.

ಜೂನಿನಲ್ಲಿ ಮತ್ತೆ ಪರೀಕ್ಷೆಗೆ ಕೂರುತ್ತೇನೆ. ಇಷ್ಟು ದಿನ ನಿನಗೆ ಹೇಳದೆ ಇದ್ದದ್ದು, ನೀನು ಸಂಘದಲ್ಲಿ ಡಾಕ್ಟರ್ ಅಕ್ಕ ಎಂದು ತಲೆಯೆತ್ತಿ ಓಡಾಡುವುದಕ್ಕೆ ನಾನು ಕಲ್ಲು ಹಾಕಬಾರದೆಂದು.

ಬದರಿ


ಟಾರ್ನೀಟ್
6 ಮೇ 2007

ಬದರಿ,

ನಿನ್ನ ಕಾಗದ ಬಂತು. ಉಷಾ ಆರೋಗ್ಯವೇ?

ನಿನ್ನ ಪರೀಕ್ಷೆ ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ಬೇಳೆ ತೂಗುವುದಕ್ಕೂ ಇಲ್ಲ, ದುಡಿದು ತಿನ್ನುವುದರಲ್ಲಿ ಏನು ಅವಮಾನ. ಅವನು ಆಸ್ಟಿಯೋಪಾತ್ ಆದದ್ದನ್ನೂ ಹೇಗೋ ನುಂಗಿಕೊಳ್ಳುತ್ತಿದ್ದೇನೆ. ಹಾಗಿದ್ದರೆ ಅಮೆರಿಕಕ್ಕೇ ಹೋಗು ಎಂದೆ. ಅಲ್ಲಿ ಮತ್ತೆ ಮೊದಲಿನಿಂದ ಓದಬೇಕು, ನನಗೆ ಈ ಕೆಲಸ ಇಷ್ಟ ಎಂದ. ಅಲ್ಲಿಗೆ ಆ ಬಾಗಿಲೂ ಮುಚ್ಚಿತು.

ನನ್ನ ಸಿಟ್ಟು ಬೇರೆ. ಆ ಪರೀಕ್ಷೆಯಲ್ಲಿ ಮಾಡಿದ್ದನ್ನೇ ನೀನು ನನಗೂ ಮಾಡಿದೆ ಬದರಿ. ನನ್ನ ಮಗನ ವಿಷಯ, ನನ್ನ ತಮ್ಮನ ವಿಷಯ, ನೀವಿಬ್ಬರೂ ಪ್ಲಾಟ್‌ಫಾರ್ಮಿನಲ್ಲಿ ಕೂತು ದನಿ ತಗ್ಗಿಸಿ ಮಾತಾಡಿಕೊಂಡಿರಿ. ಅಕ್ಕ ತಡೆದುಕೊಳ್ಳುವುದಿಲ್ಲ, ಅಮ್ಮನಿಗೆ ಅರ್ಥವಾಗುವುದಿಲ್ಲ. ನಾನೂ ಇಲ್ಲೇ ಇದ್ದೆ. ನಿಮ್ಮನ್ನು ಹೊತ್ತು ಸಾಕಿದವಳು ಒಂದು ಮಾತು ತಡೆದುಕೊಳ್ಳಲಾರಳೇ?

ಅವನು ಹೇಳಿದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ ಎಂಬುದೂ ನಿಜವಿರಬಹುದು. ಅದನ್ನು ನೀನು ಎತ್ತಿ ಆಡಬೇಡ, ನಾನೇ ಯೋಚನೆ ಮಾಡುತ್ತಿದ್ದೇನೆ.

ಹಿರಿಯಣ್ಣನವರು ಚೇತರಿಸಿಕೊಂಡಿದ್ದಾರೆ. ರಕ್ತನಾಳಕ್ಕೆ ಏನೋ ಸ್ಪ್ರಿಂಗಿನಂಥದ್ದು ಹಾಕಿದ್ದಾರಂತೆ. ನಿನ್ನೆ ಗಂಡ ಹೆಂಡತಿ ಇಬ್ಬರೂ ಮನೆಗೆ ಬಂದಿದ್ದರು. ಸರಸ್ವತಿ, "ಅವತ್ತು ಸುಘೋಷ್ ಕೈ ಬಿಡದೆ ಕೂತಿದ್ನಲ್ಲ, ಅಷ್ಟರಲ್ಲೇ ನಂಗೆ ಜೀವ ಬಂದಂಗಾಯ್ತು" ಎಂದು ಕಣ್ಣೊರೆಸಿಕೊಂಡರು. ಹೋಗುವಾಗ ತಮ್ಮ ಕತ್ತು ನೋವಿಗೆ ಅವನ ಹತ್ತಿರ ಟೈಮ್ ಸಿಗುತ್ತದಾ ಎಂದು ಕೇಳಿದರು. "ಅವ್ನು ಬಹಳ ಬ್ಯುಸಿ, ಫೋನ್ ಮಾಡಿ ಬುಕ್ ಮಾಡ್ಬೇಕು" ಎಂದುಬಿಟ್ಟೆ. ಬ್ಯುಸಿಯೋ ಅಲ್ಲವೋ ನನಗೇನು ಗೊತ್ತು. ಬಾಯಿಗೆ ಬಂತು.

ಪರೀಕ್ಷೆಯಲ್ಲಿ ನೆಟ್ಟಗೆ ರೋಗಿಯನ್ನು ನೋಡಿ ಮಾತಾಡು.

ಅಕ್ಕ


ಪೆಂಡಲ್ ಹಿಲ್
19 ಜುಲೈ 2007

ಪ್ರೀತಿಯ ಅಕ್ಕನಿಗೆ,

ಈ ಸುದ್ದಿ ಮೊದಲು ನಿನಗೇ. ಉಷಾ ಇನ್ನೂ ಆಫೀಸಿನಿಂದ ಬಂದಿಲ್ಲ. ಅವಳು ಬರುವುದರೊಳಗೆ ಇದನ್ನು ಅಂಟಿಸಿ ಡಬ್ಬಕ್ಕೆ ಹಾಕಿ ಬರುತ್ತೇನೆ. ನಿನ್ನ ಬೈಗುಳ ಅಷ್ಟು ನಾಟಿದೆ.

ಪಾಸಾದೆ. ಕೆಲಸವೂ ಸಿಕ್ಕಿತು!

ಪರೀಕ್ಷೆಯಲ್ಲಿ ಈ ಸಲ ಒಬ್ಬ ಮುದುಕ, ಜೊತೆಗೆ ಅವನ ಮಗಳು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಕುರ್ಚಿ ತಾನಾಗಿ ಅವಳ ಕಡೆ ಹೊರಳುವುದರಲ್ಲಿತ್ತು, ಹಳೇ ಚಾಳಿ. ಎಳೆದು ಮುದುಕನ ಎದುರು ಹಾಕಿಕೊಂಡು, ನಿಮಗೆ ಯಾವುದರ ಚಿಂತೆ ಎಂದು ಕೇಳಿದೆ. ಆತ ನಟ ಎಂದು ನನಗೆ ಗೊತ್ತು. ಆದರೂ ಆತ ಹೇಳುತ್ತಾ ಹೋದಂತೆ ನಾನು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ. ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿದ್ದವರನ್ನೂ ಹೀಗೊಂದು ಮಾತು ಕೇಳಿದ್ದರೆ ಎಷ್ಟು ಹೇಳುತ್ತಿದ್ದರೋ.

ಕೆಲಸ ಸಿಡ್ನಿಯಲ್ಲಲ್ಲ, ಬೆಟ್ಟ ದಾಟಿ ಆಚೆಗೆ ಕುರಿ ಮೇಯಿಸುವ ಸೀಮೆಯ ಸಣ್ಣ ಆಸ್ಪತ್ರೆಯಲ್ಲಿ. ರೆಸಿಡೆಂಟ್ ಡಾಕ್ಟರ್. ನಲವತ್ತಾರು ವರ್ಷಕ್ಕೆ ಅಲ್ಲಿ ಹುದ್ದೆಯಲ್ಲಿ ಅತಿ ಕಿರಿಯ ಡಾಕ್ಟರು ನಾನು, ನನ್ನ ಮೇಲಿನವಳಿಗೆ ಇನ್ನೂ ಮೂವತ್ತಾಗಿಲ್ಲ. ಫೋನಿನಲ್ಲಿ ಅವಳು, ಬಂದ ದಿನದಿಂದಲೇ ರೋಗಿಗಳನ್ನು ನೋಡಬೇಕು, ಜನ ಸಾಲದು ಎಂದಳು. ನೋಡಬೇಕು ಎಂದರೆ ಮುಟ್ಟಿ ನೋಡುವುದು ತಾನೇ ಎಂದು ಕೇಳಿದೆ. ಇದೆಂಥ ಪ್ರಶ್ನೆ ಎಂದು ನಕ್ಕಳು. ಉಷಾ ವಾರದ ಕೊನೆಗೆ ಬಂದುಹೋಗುತ್ತಾಳೆ. ಅಂಗಡಿಯ ಮಾಲೀಕರು ಒಂದು ಚೀಲ ಸೋನಾ ಮಸೂರಿ ಉಡುಗೊರೆ ಕೊಟ್ಟು, ಬಾಗಿಲ ತನಕ ಬಂದು ಕಳಿಸಿಕೊಟ್ಟರು.

ನೀನು ಮತ್ತೆ ಡಾಕ್ಟರ್ ಅಕ್ಕ ಆದೆ. ಡಾಕ್ಟರ್ ತಾಯಿ ಮಾತ್ರ ಆಗುವುದಿಲ್ಲ. ಅವನ ಕ್ಲಿನಿಕ್ಕಿಗೆ ಒಮ್ಮೆಯಾದರೂ ಹೋಗಿದ್ದೀಯಾ? ಇದು ಬುದ್ಧಿವಾದ ಅಲ್ಲ. ಕೇಳುತ್ತಿದ್ದೇನೆ, ಹೇಳುತ್ತಿಲ್ಲ.

ಬದರಿ


ಟಾರ್ನೀಟ್
2 ಸೆಪ್ಟೆಂಬರ್ 2007

ಚಿರಂಜೀವಿ ಬದರಿಗೆ, ಮುಟ್ಟಿ ನೋಡುವ ಡಾಕ್ಟರಿಗೆ, ಅಕ್ಕನ ಆಶೀರ್ವಾದ.

ನಿನ್ನ ಸುದ್ದಿ ಓದಿದ ದಿನ ನಿನ್ನ ಭಾವನಿಗೂ ನನಗೂ ಒಂದೇ ಕಣ್ಣೀರು. ಹೊಸ ಊರಿನಲ್ಲಿ ಚಳಿ ಜಾಸ್ತಿಯಂತೆ, ಮಫ್ಲರ್ ಕಟ್ಟಿಕೋ. ಡಾಕ್ಟರಿಗೆ ಏನಾಗುತ್ತದೆ ಅನ್ನಬೇಡ.

ಕ್ಲಿನಿಕ್ಕಿಗೆ ಹೋಗಿದ್ದೆ. ಹೇಗೆ ಹೋದೆ ಕೇಳು, ನಗಬೇಡ.

ನನ್ನ ಬಲಗೈ ತಲೆಯ ಮೇಲೆ ಏಳುವುದು ನಿಂತು ಬಹಳ ಕಾಲವಾಯಿತು. ಯಾರಿಗೂ ಹೇಳಿಲ್ಲ. ಇಲ್ಲಿಗೆ ಬಂದ ಹೊಸತರಲ್ಲಿ ಬಿಸ್ಕೆಟ್ ಫ್ಯಾಕ್ಟರಿಯಲ್ಲಿ ಪೆಟ್ಟಿಗೆ ಎತ್ತಿ ಎತ್ತಿ ಇಟ್ಟದ್ದರಿಂದ ಇರಬೇಕು. ಜಡೆ ಹಾಕಿಕೊಳ್ಳಲು ಕಷ್ಟವಾದಾಗ ಕೂದಲು ಕತ್ತರಿಸಿಕೊಂಡೆ, ಫ್ಯಾಷನ್ ಎಂದು ಎಲ್ಲರೂ ರೇಗಿಸಿದರು, ರೇಗಿಸಲಿ ಎಂದು ಬಿಟ್ಟೆ. ಸರಸ್ವತಿ ಮಾತ್ರ ವಾರವಾರ ಬಂದು, ಸುಘೋಷನ ಕೈಗುಣ ಹಾಗೆ, ಸುಘೋಷನ ಕೈಗುಣ ಹೀಗೆ ಎಂದು ಹೇಳಿಹೋಗುತ್ತಿದ್ದರು. ಹೆತ್ತವಳಿಗೆ ಗೊತ್ತಿಲ್ಲದ ಕೈಗುಣ ಊರಿಗೆಲ್ಲ ಗೊತ್ತು! ಹೊಟ್ಟೆ ಉರಿಯಿತು. ಅವನನ್ನೇ ಕೇಳಲು ಮನಸ್ಸು ಒಪ್ಪಲಿಲ್ಲ. ಕೊನೆಗೆ ಕ್ಲಿನಿಕ್ಕಿಗೆ ಫೋನ್ ಮಾಡಿ ನಮ್ಮ ಅಮ್ಮನ ಹೆಸರು ಕೊಟ್ಟು ಟೈಮ್ ತೆಗೆದುಕೊಂಡೆ. ಭಾಗೀರಥಿ.

ಹೋಗಿ ಕೂತೆ. ಪಕ್ಕದಲ್ಲಿ ಒಬ್ಬರು ಇಟಲಿ ಕಡೆಯ ಅಜ್ಜಿ, ಇನ್ನೊಂದು ಕಡೆ ಟ್ರಕ್ ಓಡಿಸುವ ಮನುಷ್ಯ. ಬಾಗಿಲು ತೆಗೆದು ಸುಘೋಷ ಹೊರಗೆ ಬಂದ. ಕೈಯಲ್ಲಿದ್ದ ಚೀಟಿ ನೋಡಿಕೊಂಡು, "ಭಾಗೀರಥಿ?" ಎಂದು ಕರೆದ. ಎದ್ದು ನಿಂತೆ. ತೀರಿಹೋದ ಅಜ್ಜಿಯ ಹೆಸರು ಹೇಳಿಕೊಂಡು ಅಮ್ಮ ನಿಂತಿದ್ದಾಳೆ. ಅವನ ಕಣ್ಣಿನಲ್ಲಿ ನಗು ಬಂದು ತುಟಿಯ ತನಕ ಬಂದು ಅಲ್ಲೇ ನಿಂತಿತು. "ಬನ್ನಿ ಭಾಗೀರಥಮ್ಮ, ಒಳಗೆ ಬನ್ನಿ" ಎಂದ.

ಒಳಗೆ ಕೂರಿಸಿ, ಎದುರಿಗೆ ಸ್ಟೂಲ್ ಎಳೆದುಕೊಂಡು, ನನ್ನನ್ನು ಗುರುತೇ ಇಲ್ಲದವನ ಹಾಗೆ ಕೇಳುತ್ತಾ ಹೋದ. ಎಲ್ಲಿ ನೋವು, ಯಾವಾಗಿನಿಂದ, ಚಳುಕಾ ಸೆಳೆತಾನಾ, ಮಲಗಿದಾಗ ಜಾಸ್ತಿಯಾ. ಪೂರ್ತಿ ಕನ್ನಡದಲ್ಲಿ, ನೀವು ಎಂದು ಬಹುವಚನ ಹಾಕಿ. ನಾನೂ ಹಟಕ್ಕೆ ಬಿದ್ದು ಭಾಗೀರಥಮ್ಮನಾಗಿಯೇ ಉತ್ತರ ಕೊಟ್ಟೆ. ಫ್ಯಾಕ್ಟರಿಯ ವಿಷಯ ಹೇಳಿದೆ, ಜಡೆಯ ವಿಷಯ ಹೇಳಿದೆ. ಅವನು ನಡುವೆ ಬಾಯಿ ಹಾಕಲಿಲ್ಲ. ಯಾರೋ ಅಪರಿಚಿತರಿಗೆ ಹೇಳುತ್ತಿದ್ದೇನೆ ಅಂದುಕೊಂಡದ್ದರಿಂದಲೋ ಏನೋ, ಭಾವನಿಗೂ ಹೇಳದೆ ಇದ್ದದ್ದೆಲ್ಲ ಬಾಯಿಂದ ಬಂತು.

"ಭಾರದ ಕೆಲಸ ಮಾಡ್ಬಾರ್ದು. ಮನೇಲಿ ಸಹಾಯಕ್ಕೆ ಯಾರಿದ್ದಾರೆ?" ಎಂದು ಕೇಳಿದ.

"ಮಗ ಇದ್ದಾನೆ" ಎಂದೆ.

ಬರೆದುಕೊಳ್ಳುತ್ತಾ, ತಲೆಯೆತ್ತದೆ, "ಮಗ ಏನ್ ಮಾಡ್ತಾನೆ?" ಎಂದ.

ಈ ಪ್ರಶ್ನೆಗೆ ಐದು ವರ್ಷ ಎಲ್ಲರಿಗೂ ಒಂದೇ ಉತ್ತರ ಕೊಟ್ಟಿದ್ದೇನೆ ಬದರಿ. ಅದು ನಾಲಿಗೆಯ ತುದಿಗೆ ಬಂತು, ಅಭ್ಯಾಸಬಲ. ಪೆನ್ನು ನಿಂತಿತ್ತು. ಅವನು ಕಾಯುತ್ತಿದ್ದ.

"ಆಸ್ಟಿಯೋಪಾತ್" ಎಂದೆ. "ಕೈ ಒಳ್ಳೇದು ಅಂತ ಎಲ್ರೂ ಹೇಳ್ತಾರೆ. ನಾನು ಇವತ್ತೇ ನೋಡ್ತಿರೋದು."

ಅವನು ಥಟ್ಟನೆ ಎದ್ದು ನನಗೆ ಬೆನ್ನು ಮಾಡಿ ನಲ್ಲಿಯ ಹತ್ತಿರ ನಿಂತ. ಕೈ ತೊಳೆಯಲು ಅಷ್ಟು ಹೊತ್ತು ಬೇಕಾಗುವುದಿಲ್ಲ. ಆಮೇಲೆ ಬಿಸಿನೀರಿನಲ್ಲಿ ಬೆಚ್ಚಗಾದ ಅಂಗೈಗಳನ್ನು ನನ್ನ ಹೆಗಲಿನ ಮೇಲೆ ಇಟ್ಟ. ಹಬ್ಬದ ದಿನ ಕಾಲು ಮುಟ್ಟಿ ನಮಸ್ಕಾರ ಮಾಡುವುದು ಬಿಟ್ಟರೆ, ದೊಡ್ಡವನಾದ ಮೇಲೆ ಅವನು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ನಿನ್ನ ಅಕ್ಕ,
ಜಯಲಕ್ಷ್ಮಿ